ಋತುಮಾನದ ಹುಲ್ಲುಗಾವಲುಗಳಲ್ಲಿ ದೇಸಿ ದನಗಳ ಸರದಿ ಮೇಯಿಸುವಿಕೆ: ಮಲೆನಾಡು ಮತ್ತು ಅರೆಮಲೆನಾಡಿನ ರೈತರಿಗೆ ಮಾರ್ಗದರ್ಶಿ

ಪೀಠಿಕೆ

ಶಿವಮೊಗ್ಗದಿಂದ ನವಿಲೆಯ ಮೂಲಕ ಸವಳಂಗ ರಸ್ತೆಯಲ್ಲಿ ಸಾಗಿದರೆ ಮಲೆನಾಡಿನ ಅಂಚು ಕ್ರಮೇಣ ಬಯಲುಸೀಮೆಯಾಗಿ ಬದಲಾಗುವುದನ್ನು ಕಾಣಬಹುದು. ಅಡಿಕೆ, ಭತ್ತದ ಗದ್ದೆಗಳು ಹಿಂದೆ ಸರಿದು ಮಳೆಯಾಶ್ರಿತ ಮುಸುಕಿನ ಜೋಳದ ಹೊಲಗಳು, ಅವುಗಳ ನಡುವೆ ಗೋಮಾಳದ ತುಣುಕುಗಳು ಎದುರಾಗುತ್ತವೆ. ಜಿಲ್ಲೆಯ ಪಶ್ಚಿಮದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬಿದ್ದರೆ, ಪೂರ್ವದ ಈ ಪಟ್ಟಿಯಲ್ಲಿ ಬೀಳುವ ಮಳೆ ಸಾವಿರ ಮಿ.ಮೀ. ಆಸುಪಾಸಿನದು ಅಥವಾ ಅದಕ್ಕೂ ಕಡಿಮೆ. ಎರಡೂ ಕಡೆಯ ಹುಲ್ಲುಗಾವಲುಗಳಿಗೆ ಒಂದು ಸಮಾನ ಗುಣವಿದೆ. ಹುಲ್ಲು ಬೆಳೆಯುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ. ದನಗಳಿಗೆ ಮೇವು ಬೇಕಾಗುವುದು ಹನ್ನೆರಡು ತಿಂಗಳೂ.

ಗೋಮಾಳ ಹಾಳಾಗಲು ಮಳೆಯ ಕೊರತೆಯೇ ಕಾರಣವೆಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ಆದರೆ ಉತ್ತಮ ಮಳೆಯಾದ ವರ್ಷಗಳಲ್ಲಿಯೂ ಅದೇ ಗೋಮಾಳ ಬೋಳಾಗಿಯೇ ಉಳಿಯುವುದನ್ನು ತಾವು ಗಮನಿಸಿರಬಹುದು. ಹುಲ್ಲಿಗೆ ದೊರೆಯದಿರುವುದು ವಿಶ್ರಾಂತಿ. ಅದರಲ್ಲಿಯೂ ಮೊದಲ ಮಳೆಯ ನಂತರದ ಐದಾರು ವಾರಗಳು ಮತ್ತು ಬೀಜ ಕಟ್ಟುವ ಕಾಲ, ಈ ಎರಡು ಅವಧಿಗಳ ವಿಶ್ರಾಂತಿಯೇ ಹುಲ್ಲುಗಾವಲಿನ ಅಳಿವು ಉಳಿವನ್ನು ನಿರ್ಧರಿಸುತ್ತದೆ. ಈ ವಿಶ್ರಾಂತಿಯನ್ನು ಯೋಜಿತವಾಗಿ ಒದಗಿಸುವ ಕ್ರಮವೇ ಸರದಿ ಮೇಯಿಸುವಿಕೆ.

ಸರದಿ ಮೇಯಿಸುವಿಕೆ ಎಂದರೇನು?

ಹುಲ್ಲುಗಾವಲನ್ನು ಹಲವು ತಾಕುಗಳಾಗಿ ವಿಂಗಡಿಸಿ, ದನಗಳನ್ನು ಒಂದು ಬಾರಿಗೆ ಒಂದೇ ತಾಕಿನಲ್ಲಿ ಕೆಲವು ದಿನ ಮೇಯಿಸಿ, ನಂತರ ಮುಂದಿನ ತಾಕಿಗೆ ಒಯ್ಯಲಾಗುತ್ತದೆ. ಮೇಯ್ದ ತಾಕಿನಲ್ಲಿ ಹುಲ್ಲು ಮತ್ತೆ ಪೂರ್ಣ ಬೆಳೆಯುವವರೆಗೆ ದನಗಳಿಗೆ ಪ್ರವೇಶವಿಲ್ಲ. ಫ್ರಾನ್ಸಿನ ಆಂದ್ರೆ ವ್ವಾಜಾಂ ಅವರು 1957ರಲ್ಲಿ ಪ್ರಕಟಿಸಿದ ಕೃತಿಯಿಂದ ಈ ಪದ್ಧತಿಗೆ ವ್ಯಾಪಕ ಪ್ರಚಾರ ದೊರೆಯಿತು. ಮಾಂಸಕ್ಕಾಗಿ ದನ ಸಾಕುವ ದೇಶಗಳಲ್ಲಿ ಇದರ ಲಾಭವನ್ನು ದೇಹತೂಕದ ಏರಿಕೆಯಿಂದ ಅಳೆಯುತ್ತಾರೆ. ನಮ್ಮಲ್ಲಿ ಹಾಲು, ಉಳುಮೆಯ ಎತ್ತು, ಕರು ಹಾಗೂ ಅಡಿಕೆ ತೋಟಕ್ಕೆ ಬೇಕಾದ ಕೊಟ್ಟಿಗೆ ಗೊಬ್ಬರವೇ ಸಾಕಾಣಿಕೆಯ ಉದ್ದೇಶ. ಆದ್ದರಿಂದ ಕೊಂಡು ತರಬೇಕಾದ ಒಣಮೇವು ಎಷ್ಟು ಕಡಿಮೆಯಾಯಿತು ಎಂಬುದೇ ನಮಗೆ ಸರಿಯಾದ ಅಳತೆ.

ಒಂದು ಎಚ್ಚರಿಕೆಯನ್ನು ಆರಂಭದಲ್ಲಿಯೇ ಹೇಳುವುದು ಅವಶ್ಯ. 2008ರಲ್ಲಿ ಅಮೆರಿಕದ ಬ್ರಿಸ್ಕ್ ಮತ್ತು ಸಹವಿಜ್ಞಾನಿಗಳು ಹಲವು ದಶಕಗಳ ಪ್ರಯೋಗಗಳನ್ನು ಪರಿಶೀಲಿಸಿ, ದನಗಳ ಸಂಖ್ಯೆ ಸಮನಾಗಿದ್ದಾಗ ಸರದಿ ಪದ್ಧತಿಯೊಂದರಿಂದಲೇ ಹೆಚ್ಚಿನ ಉತ್ಪಾದನೆ ದೊರೆಯುವುದಿಲ್ಲವೆಂದು ತೋರಿಸಿದರು. ಹುಲ್ಲು ತಾಳಬಲ್ಲ ಸಂಖ್ಯೆಗಿಂತ ದನಗಳು ಹೆಚ್ಚಿದ್ದರೆ ಎಷ್ಟೇ ತಾಕು ಮಾಡಿದರೂ ಪ್ರಯೋಜನವಾಗದು. ಆದ್ದರಿಂದ ಮೊದಲು ಲೆಕ್ಕ, ನಂತರ ಬೇಲಿ.

ಅಮೃತಮಹಲ್ ಕಾವಲುಗಳು ನೀಡುವ ಪಾಠ

ಋತುವಿಗೆ ತಕ್ಕಂತೆ ಮೇವಿನ ನೆಲ ಬದಲಿಸುವುದು ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ‘ಬೆಣ್ಣೆ ಚಾವಡಿ’ ಎಂಬ ಹೆಸರಿನಲ್ಲಿದ್ದ ಅರಮನೆಯ ದನಗಳ ಇಲಾಖೆ, ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತಮಹಲ್’ ಎನಿಸಿತು. ಇದರ ಹಿಂಡುಗಳಿಗೆಂದು ಮೀಸಲಾದ ಹುಲ್ಲುಗಾವಲುಗಳೇ ಕಾವಲುಗಳು. ಇವುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಮೂರು ಬಗೆಯಾಗಿ ವಿಂಗಡಿಸಲಾಗಿತ್ತು. ಬಿಸಿಲಿನ ತಿಂಗಳುಗಳಲ್ಲಿಯೂ ನೀರು, ನೆರಳು ಮತ್ತು ಕೆರೆಯಂಗಳದ ಹಸಿರು ಸಿಗುವ ತಾಣಗಳು ಬೇಸಿಗೆಗೆ. ಮಳೆಯ ತಿಂಗಳುಗಳಲ್ಲಿ ಮಾತ್ರ ಹಳ್ಳ ಹರಿಯುವ ತಾಣಗಳು ಉಳಿದ ಋತುಗಳಿಗೆ. ಹಿಂಡು ಒಂದು ಕಾವಲಿನಲ್ಲಿದ್ದಾಗ ಉಳಿದವು ತಾವಾಗಿಯೇ ವಿಶ್ರಾಂತಿ ಪಡೆಯುತ್ತಿದ್ದವು.

1860ರಲ್ಲಿ ಖರ್ಚು ಉಳಿಸುವ ಉದ್ದೇಶದಿಂದ ಸರ್ಕಾರ ಈ ಹಿಂಡುಗಳನ್ನು ಮಾರಿತು. ಉತ್ತಮ ಎತ್ತುಗಳ ಕೊರತೆ ತಲೆದೋರಿದ್ದರಿಂದ 1866ರಲ್ಲಿ ಮತ್ತೆ ಇಲಾಖೆಯನ್ನು ಸ್ಥಾಪಿಸಬೇಕಾಯಿತು. ಭದ್ರಾವತಿ, ತರೀಕೆರೆ ದಾಟಿದರೆ ಸಿಗುವ ಅಜ್ಜಂಪುರದಲ್ಲಿ 1929ರಲ್ಲಿ ಆರಂಭವಾದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಈ ತಳಿಯನ್ನು ಉಳಿಸಿಕೊಂಡು ಬಂದಿದೆ. ಮಲೆನಾಡಿನ ಬೇಣಗಳಲ್ಲಿಯೂ ಇದೇ ತತ್ವವಿದೆ. ಮಳೆಗಾಲದಲ್ಲಿ ಬೇಣಕ್ಕೆ ದನ ಬಿಡದೆ, ಹುಲ್ಲು ಬಲಿತ ಮೇಲೆ ಕರಡ ಕೊಯ್ದು ಬಣವೆ ಹಾಕುವ ರೂಢಿ ಅಲ್ಲಿನ ಹಿರಿಯರದು.

ಹುಲ್ಲು ಬೆಳೆಯುವ ಬಗೆ

ಬಹುವಾರ್ಷಿಕ ಹುಲ್ಲು ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಬುಡ ಮತ್ತು ಬೇರಿನಲ್ಲಿ ಆಹಾರ ಸಂಗ್ರಹವಿರುತ್ತದೆ. ಮೊದಲ ಮಳೆಗೆ ಬರುವ ಚಿಗುರು ಈ ಸಂಗ್ರಹವನ್ನು ಖರ್ಚು ಮಾಡಿ ಬಂದದ್ದು. ಎಲೆಗಳು ಬಲಿತು ತಾವೇ ಆಹಾರ ತಯಾರಿಸುವ ಮೊದಲೇ ದನ ಕಚ್ಚಿದರೆ ಬುಡ ಎರಡನೆಯ ಬಾರಿ ಸಂಗ್ರಹದಿಂದಲೇ ಖರ್ಚು ಮಾಡಬೇಕು. ಮೂರು ನಾಲ್ಕು ಬಾರಿ ಹೀಗಾದರೆ ಬುಡ ಸಾಯುತ್ತದೆ.

1955ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಕ್ರೈಡರ್ ಪ್ರಕಟಿಸಿದ ಪ್ರಯೋಗಗಳು ಇದನ್ನು ಸ್ಪಷ್ಟಪಡಿಸಿವೆ. ಎಲೆಭಾಗದ ಅರ್ಧದಷ್ಟನ್ನು ತೆಗೆದಾಗ ಬೇರಿನ ಬೆಳವಣಿಗೆಗೆ ಹೆಚ್ಚಿನ ಧಕ್ಕೆಯಾಗಲಿಲ್ಲ. ಶೇ. 80 ಅಥವಾ ಅದಕ್ಕಿಂತ ಹೆಚ್ಚು ತೆಗೆದಾಗ ಬೇರುಗಳ ಬೆಳವಣಿಗೆ ಹನ್ನೆರಡು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಸಂಪೂರ್ಣ ನಿಂತುಹೋಯಿತು. ‘ಅರ್ಧ ಮೇಯಿಸಿ, ಅರ್ಧ ಉಳಿಸಿ’ ಎಂಬ ನಿಯಮಕ್ಕೆ ಇದು ಆಧಾರ.

ಅತಿಮೇಯಿಸುವಿಕೆಯಿಂದ ಹುಲ್ಲುಗಾವಲು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುತ್ತದೆ:

1. ಉತ್ತಮ ಸ್ಥಿತಿ: ಸೆಹಿಮಾ ಮತ್ತು ಡೈಕ್ಯಾಂಥಿಯಂ ಜಾತಿಯ ಬಹುವಾರ್ಷಿಕ ಹುಲ್ಲುಗಳು ಹೆಚ್ಚಾಗಿರುತ್ತವೆ. ದಕ್ಷಿಣ ಭಾರತದ ಪ್ರಸ್ಥಭೂಮಿಯ ಸಹಜ ಹುಲ್ಲುಗಳು ಇವೇ.
2. ಮಧ್ಯಮ ಸ್ಥಿತಿ: ಬೀಜದ ಮೊನೆ ಬಟ್ಟೆಗೆ ಚುಚ್ಚಿಕೊಳ್ಳುವ ಈಟಿ ಹುಲ್ಲು (ಹೆಟೆರೊಪೋಗನ್) ಮೇಲುಗೈ ಪಡೆಯುತ್ತದೆ. ಎಳೆಯದಿದ್ದಾಗ ಮಾತ್ರ ಇದು ಒಳ್ಳೆಯ ಮೇವು.
3. ಕೆಟ್ಟ ಸ್ಥಿತಿ: ಅರಿಸ್ಟಿಡಾ ಹಾಗೂ ಒಂದೇ ಮಳೆಗಾಲ ಬದುಕುವ ಏಕವಾರ್ಷಿಕ ಹುಲ್ಲುಗಳು, ನಡುನಡುವೆ ಬರಿನೆಲ.
4. ಹಾಳಾದ ಸ್ಥಿತಿ: ಲಂಟಾನ, ಯುಪಟೋರಿಯಂ, ಕಾಂಗ್ರೆಸ್ ಕಳೆ, ಕೊಚ್ಚಿಹೋದ ಮೇಲ್ಮಣ್ಣು.

ಎರಡನೆಯ ಮತ್ತು ಮೂರನೆಯ ಹಂತದಲ್ಲಿರುವ ನೆಲ ವಿಶ್ರಾಂತಿ ದೊರೆತರೆ ಚೇತರಿಸಿಕೊಳ್ಳುತ್ತದೆ. ನಾಲ್ಕನೆಯ ಹಂತಕ್ಕೆ ಇಳಿದ ನೆಲಕ್ಕೆ ಕಳೆ ಕೀಳುವುದು, ಬೀಜ ಬಿತ್ತುವುದು, ಮಣ್ಣು ಸಂರಕ್ಷಣೆ ಎಲ್ಲವೂ ಬೇಕು.

ಗೋಮಾಳದ ಲೆಕ್ಕ

1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೆಯ ನಿಯಮದಂತೆ ಗ್ರಾಮದ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಕಾಯ್ದಿರಿಸುವುದು ಸಾಮಾನ್ಯ ಪ್ರಮಾಣ. ಈ 12 ಹೆಕ್ಟೇರ್ ಎಷ್ಟು ದಿನ ಮೇವು ಕೊಡಬಲ್ಲದು ಎಂಬುದನ್ನು ನೋಡೋಣ.

ಮಲೆನಾಡು ಗಿಡ್ಡ ತಳಿಯ ವಯಸ್ಕ ಹಸುವಿನ ತೂಕ ನೂರು ಕಿಲೋ ಆಸುಪಾಸು. ದೇಹತೂಕದ ಶೇ. 2.5ರಂತೆ ದಿನಕ್ಕೆ 2.5 ಕಿಲೋ ಒಣಾಂಶ ಬೇಕು. ನೂರು ಹಸುಗಳಿಗೆ ದಿನಕ್ಕೆ 250 ಕಿಲೋ.

- ಗೋಮಾಳ ಉತ್ತಮ ಸ್ಥಿತಿಯಲ್ಲಿದ್ದು ಹೆಕ್ಟೇರಿಗೆ ವರ್ಷಕ್ಕೆ 3 ಟನ್ ಒಣಹುಲ್ಲು ಬೆಳೆಯುವುದಾದರೆ, ಒಟ್ಟು 36 ಟನ್. ಮೇಯಿಸಬಹುದಾದ ಅರ್ಧ 18 ಟನ್. ಇದು 72 ದಿನಗಳ ಮೇವು.
- ಗೋಮಾಳ ಕೆಟ್ಟು ಹೆಕ್ಟೇರಿಗೆ 1 ಟನ್ ಮಾತ್ರ ಬೆಳೆಯುವುದಾದರೆ, ಮೇಯಿಸಬಹುದಾದದ್ದು 6 ಟನ್. ಇದು 24 ದಿನಗಳ ಮೇವು.

300 ಕಿಲೋ ತೂಗುವ ದನಗಳಾದರೆ ಈ ದಿನಗಳು ಮೂರನೆಯ ಒಂದು ಭಾಗಕ್ಕೆ ಇಳಿಯುತ್ತವೆ. ಈ ಲೆಕ್ಕದಿಂದ ಎರಡು ಸಂಗತಿಗಳು ತಿಳಿಯುತ್ತವೆ. ಮೊದಲನೆಯದಾಗಿ, ನಿಯಮದಂತೆ ಪೂರ್ಣ ಗೋಮಾಳವಿರುವ ಗ್ರಾಮದಲ್ಲಿಯೂ ಅದು ವರ್ಷಪೂರ್ತಿಯ ಮೇವಿನ ಮೂಲವಾಗಲಾರದು. ವರ್ಷವಿಡೀ ದನ ಬಿಟ್ಟರೆ ಅರ್ಧ ಉಳಿಸುವ ನಿಯಮ ಮುರಿದು ಬುಡವೇ ಖರ್ಚಾಗುತ್ತದೆ. ಎರಡನೆಯದಾಗಿ, ಒಳ್ಳೆಯ ಗೋಮಾಳಕ್ಕೂ ಕೆಟ್ಟ ಗೋಮಾಳಕ್ಕೂ ಇರುವ ವ್ಯತ್ಯಾಸ 48 ದಿನಗಳ ಮೇವು, ಅಂದರೆ 12 ಟನ್ ಒಣಹುಲ್ಲು. ಗೋಮಾಳ ಕೆಟ್ಟಷ್ಟೂ ಅಷ್ಟು ಮೇವನ್ನು ಗ್ರಾಮದ ಮನೆಗಳು ಪ್ರತಿ ವರ್ಷ ಹಣ ಕೊಟ್ಟು ತರಬೇಕಾಗುತ್ತದೆ, ಇಲ್ಲವೇ ದನಗಳನ್ನು ಮಾರಬೇಕಾಗುತ್ತದೆ.

ಮೇಲಿನ ಇಳುವರಿಗಳು ಲೆಕ್ಕದ ರೀತಿ ತಿಳಿಸಲು ಕೊಟ್ಟವು. ತಮ್ಮ ನೆಲದ ಇಳುವರಿಯನ್ನು ತಾವೇ ಅಳೆಯುವುದು ಸುಲಭ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟನ್ನು ಹತ್ತು ಕಡೆ ಇಟ್ಟು, ನೆಲದಿಂದ ಮೂರು ಬೆರಳು ಮೇಲೆ ಹುಲ್ಲು ಕೊಯ್ದು, ಬಿಸಿಲಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ ತೂಗಿರಿ. ಚದರ ಮೀಟರಿಗೆ ಸರಾಸರಿ 100 ಗ್ರಾಂ ಬಂದರೆ ಎಕರೆಗೆ ಸುಮಾರು 400 ಕಿಲೋ ಎಂದು ತಿಳಿಯಬೇಕು.

ಸ್ವಂತ ಜಮೀನಿನಲ್ಲಿ ತಾಕುಗಳ ವಿಂಗಡಣೆ

ತಾಕುಗಳ ಸಂಖ್ಯೆಯನ್ನು ಈ ಸೂತ್ರದಿಂದ ಕಂಡುಕೊಳ್ಳಬಹುದು: ವಿಶ್ರಾಂತಿಯ ದಿನಗಳನ್ನು ಮೇಯುವ ದಿನಗಳಿಂದ ಭಾಗಿಸಿ ಒಂದನ್ನು ಕೂಡಿಸಿರಿ.

ಉದಾಹರಣೆಗೆ 4 ಎಕರೆ ಹುಲ್ಲುಗಾವಲು ಮತ್ತು 8 ಮಲೆನಾಡು ಗಿಡ್ಡ ಹಸುಗಳಿವೆ ಎಂದಿಟ್ಟುಕೊಳ್ಳಿ. ದಿನದ ಅಗತ್ಯ 20 ಕಿಲೋ ಒಣಾಂಶ. ಮಳೆಗಾಲದಲ್ಲಿ 30 ದಿನ ವಿಶ್ರಾಂತಿ, ಪ್ರತಿ ತಾಕಿನಲ್ಲಿ 5 ದಿನ ಮೇಯಿಸುವಿಕೆ ಎಂದರೆ 7 ತಾಕುಗಳು ಬೇಕು. ಅರ್ಧ ಎಕರೆಯ 8 ತಾಕು ಮಾಡಿ, ಎಂಟನೆಯದನ್ನು ಆ ವರ್ಷ ಬೀಜಕ್ಕೆಂದು ಮುಚ್ಚಿರಿ. ಎಕರೆಗೆ 600 ಕಿಲೋ ಒಣಾಂಶವಿದ್ದರೆ ಅರ್ಧ ಎಕರೆಯಲ್ಲಿ 300 ಕಿಲೋ. ಮೇಯಿಸಬಹುದಾದ ಅರ್ಧ 150 ಕಿಲೋ. ಐದು ದಿನಕ್ಕೆ ಬೇಕಾದದ್ದು 100 ಕಿಲೋ. ಉಳಿದ 50 ಕಿಲೋ ತುಳಿತಕ್ಕೆ, ಸಗಣಿ ಬಿದ್ದು ಬಿಟ್ಟುಹೋಗುವ ಭಾಗಕ್ಕೆ ಸಾಕು. ಮುಂದಿನ ವರ್ಷ ಬೇರೊಂದು ತಾಕನ್ನು ಬೀಜಕ್ಕೆ ಬಿಡಬೇಕು.

ದಿನಗಳ ಲೆಕ್ಕಕ್ಕಿಂತ ಹುಲ್ಲಿನ ಎತ್ತರಕ್ಕೆ ಹೆಚ್ಚು ಬೆಲೆ ಕೊಡಿರಿ. ಹುಲ್ಲು ಒಂದು ಗೇಣು ಬೆಳೆದಾಗ ದನ ಬಿಡಿರಿ. ನಾಲ್ಕು ಬೆರಳು ಉಳಿದಾಗ ಹೊರತೆಗೆಯಿರಿ. ಮಳೆಗಾಲದಲ್ಲಿ ಒಂದು ತಾಕಿನಲ್ಲಿ ಐದು ದಿನಕ್ಕಿಂತ ಹೆಚ್ಚು ಕಾಲ ದನಗಳಿದ್ದರೆ, ಮೊದಲ ದಿನ ಕಚ್ಚಿದ ಬುಡದ ಹೊಸ ಚಿಗುರನ್ನೇ ಅವು ಮತ್ತೆ ಕಚ್ಚುತ್ತವೆ. ಮಳೆ ಕೈಕೊಟ್ಟಾಗ ಚಿಗುರು ನಿಧಾನವಾಗುವುದರಿಂದ ವಿಶ್ರಾಂತಿಯನ್ನು 40–50 ದಿನಗಳಿಗೆ ಹೆಚ್ಚಿಸಿ, ಕೊರತೆಯನ್ನು ಕೊಟ್ಟಿಗೆಯ ಮೇವಿನಿಂದ ತುಂಬಬೇಕು.

ಬೇಲಿಗೆ ಗ್ಲಿರಿಸಿಡಿಯಾ, ಕತ್ತಾಳೆ, ಕಳ್ಳಿಯಂತಹ ಜೀವಂತ ಬೇಲಿ ಅಗ್ಗ. ಸೌರ ಬೇಲಿ ಹಾಕುವವರು ಪ್ರಮಾಣೀಕೃತ ಎನರ್ಜೈಸರ್ ಬಳಸಲೇಬೇಕು. ವಿದ್ಯುತ್ ಮಾರ್ಗದಿಂದ ನೇರವಾಗಿ ತಂತಿಗೆ ಸಂಪರ್ಕ ಕೊಡುವುದು ಮನುಷ್ಯರಿಗೂ ಪ್ರಾಣಿಗಳಿಗೂ ಮಾರಣಾಂತಿಕ ಹಾಗೂ ಕಾನೂನುಬಾಹಿರ. ಪ್ರತಿ ತಾಕಿನಿಂದಲೂ ನೀರು ತಲುಪುವಂತಿರಬೇಕು. ನೂರು ಕಿಲೋ ತೂಕದ ಹಸುವಿಗೆ ಬಿಸಿಲಿನ ದಿನಗಳಲ್ಲಿ ಹನ್ನೆರಡು ಲೀಟರಿಗೆ ಕಡಿಮೆಯಾಗದಂತೆ ನೀರು ಒದಗಿಸಿರಿ.

ಮಳೆ ನಕ್ಷತ್ರಗಳ ಅನುಸಾರ ವೇಳಾಪಟ್ಟಿ

ಶಿವಮೊಗ್ಗ, ಭದ್ರಾವತಿ, ಶಿಕಾರಿಪುರ, ಹೊನ್ನಾಳಿ, ನ್ಯಾಮತಿ ಭಾಗಕ್ಕೆ ಈ ಕ್ರಮ ಸೂಕ್ತ.

*ಕೃತ್ತಿಕಾ, ರೋಹಿಣಿ, ಮೃಗಶಿರ (ಮೇ ಮಧ್ಯದಿಂದ ಜೂನ್ ಮೂರನೆಯ ವಾರ):* ಹುಲ್ಲುಗಾವಲಿಗೆ ದನ ಬಿಡಬೇಡಿರಿ. ಹಸಿರು ಕಂಡು ದನಗಳು ಹಗ್ಗ ಜಗ್ಗುವ ಕಾಲವಿದು. ಹುಲ್ಲುಗಾವಲಿಗೆ ಅತಿ ಹೆಚ್ಚು ಹಾನಿಯಾಗುವುದೂ ಈಗಲೇ. ಈ 40 ದಿನಗಳಿಗೆ ಮೇಲಿನ 8 ಹಸುಗಳಿಗೆ 800 ಕಿಲೋ ಒಣಮೇವು ಬೇಕು. ಭದ್ರಾ ಅಚ್ಚುಕಟ್ಟಿನ ಬೇಸಿಗೆ ಭತ್ತದ ಹುಲ್ಲು ಇದೇ ವೇಳೆಗೆ ದೊರೆಯುವುದರಿಂದ ಮೊದಲೇ ಸಂಗ್ರಹಿಸಿಡಿರಿ.

*ಆರಿದ್ರಾದಿಂದ ಮಘೆಯವರೆಗೆ (ಜೂನ್ ಕೊನೆಯಿಂದ ಆಗಸ್ಟ್):* ಒಂದು ಗೇಣು ಬೆಳೆದ ತಾಕಿನಿಂದ ಸರದಿ ಆರಂಭಿಸಿರಿ. ಪ್ರತಿ ವರ್ಷ ಬೇರೆ ತಾಕಿನಿಂದ ಆರಂಭಿಸುವುದು ಅವಶ್ಯ. ಜಡಿಮಳೆಯ ದಿನಗಳಲ್ಲಿ ಜಿಗುಟು ಮಣ್ಣಿನ ತಾಕುಗಳಿಗೆ ದನ ಬಿಟ್ಟರೆ ಗೊರಸಿನ ತುಳಿತಕ್ಕೆ ಬುಡ ಕಿತ್ತುಬರುತ್ತದೆ. ಮೊರಂಬು ನೆಲದ ತಾಕುಗಳನ್ನು ಅಂತಹ ದಿನಗಳಿಗೆ ಕಾಯ್ದಿರಿಸಿರಿ.

*ಹುಬ್ಬ, ಉತ್ತರೆ, ಹಸ್ತ (ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮೊದಲ ವಾರ):* ಎರಡನೆಯ ಸುತ್ತು ಮುಗಿಸಿರಿ. ಬೀಜದ ತಾಕಿಗೆ ದನ ಸುಳಿಯಬಾರದು. ಹೆಚ್ಚುವರಿ ಹುಲ್ಲಿದ್ದರೆ ಹೂ ಬಿಡುವ ಹಂತದಲ್ಲಿಯೇ ಕೊಯ್ದು ಒಣಗಿಸಿರಿ. ಎಳೆಯದಿದ್ದಾಗ ಶೇ. 8–10ರಷ್ಟಿರುವ ಕಚ್ಚಾ ಸಸಾರಜನಕ ಬೀಜ ಉದುರಿದ ಬಳಿಕ ಶೇ. 3–4ಕ್ಕೆ ಇಳಿಯುತ್ತದೆ.

*ಚಿತ್ತೆ, ಸ್ವಾತಿ (ಅಕ್ಟೋಬರ್ ಮಧ್ಯದಿಂದ ನವೆಂಬರ್):* ಮುಸುಕಿನ ಜೋಳದ ಕಟಾವಿನ ಕಾಲ. ಕಟಾವಾದ ಹೊಲಗಳಲ್ಲಿ ಮೂರು ನಾಲ್ಕು ವಾರ ದನ ಮೇಯಿಸಿದರೆ ಅಷ್ಟು ಕಾಲ ಹುಲ್ಲುಗಾವಲು ನಿರಾತಂಕವಾಗಿ ಬೀಜ ಉದುರಿಸುತ್ತದೆ. ಬಿದ್ದ ತೆನೆಗಳನ್ನು ಮೊದಲೇ ಆಯ್ದುಕೊಳ್ಳಿರಿ. ಕಾಳನ್ನು ಅತಿಯಾಗಿ ತಿಂದ ಹಸು ಹೊಟ್ಟೆಯ ಆಮ್ಲೀಯತೆಯಿಂದ ಸಾಯುವ ಸಂಭವವಿದೆ. ಇತ್ತೀಚೆಗೆ ಕೀಟನಾಶಕ ಸಿಂಪಡಿಸಿದ ಹೊಲಗಳಿಗೆ ಬಿಡಬಾರದು.

*ಡಿಸೆಂಬರ್‌ನಿಂದ ಏಪ್ರಿಲ್:* ಹುಲ್ಲು ಮರುಚಿಗುರುವುದಿಲ್ಲವಾದ್ದರಿಂದ ಪ್ರತಿ ತಾಕನ್ನು ಒಂದೇ ಬಾರಿ ಮೇಯಿಸಿ ಮುಚ್ಚಬೇಕು. ನೆಲ ಕಾಣುವಂತೆ ಮೇಯಿಸಬಾರದು. ಉಳಿದ ಒಣಬುಡವೇ ಮುಂಗಾರಿನ ಮೊದಲ ಹನಿಗಳಿಂದ ಮಣ್ಣನ್ನು ಕಾಯುತ್ತದೆ. ಹೊಸ ಚಿಗುರಿನ ಆಸೆಗೆ ಬೆಂಕಿ ಹಾಕುವ ಪದ್ಧತಿಯನ್ನು ಕೈಬಿಡಬೇಕು.

ಗೋಮಾಳದಲ್ಲಿ ಅನುಷ್ಠಾನ

ಹಂಚಿಕೆಯ ನೆಲದಲ್ಲಿ ಎಂಟು ತಾಕುಗಳ ಸರದಿ ನಡೆಸುವುದು ಕಷ್ಟ. ಗೋಮಾಳವನ್ನು ನಾಲ್ಕು ಭಾಗ ಮಾಡಿ, ವರ್ಷಕ್ಕೆ ಒಂದು ಭಾಗವನ್ನು ಮೇ ತಿಂಗಳಿಂದ ಬೀಜ ಉದುರುವ ನವೆಂಬರ್‌ವರೆಗೆ ಮುಚ್ಚುವುದು ಕಾರ್ಯಸಾಧ್ಯ ಕ್ರಮ. ನಾಲ್ಕು ವರ್ಷಗಳಲ್ಲಿ ಇಡೀ ಗೋಮಾಳಕ್ಕೆ ಒಮ್ಮೆ ಪೂರ್ಣ ವಿಶ್ರಾಂತಿ ದೊರೆಯುತ್ತದೆ. ಬೀಜ ಉದುರಿದ ಮೇಲೆ ಮುಚ್ಚಿದ ಭಾಗದ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ದನವಿರುವ ಮನೆಗಳಿಗೆ ಹಂಚಿಕೊಳ್ಳಬಹುದು. ಉಳಿದ ಮೂರು ಭಾಗಗಳ ಮೇಲೆ ಒತ್ತಡ ಹೆಚ್ಚದಂತೆ ಅರ್ಧ ದಿನ ಮಾತ್ರ ಮೇಯಿಸಿ, ಉಳಿದ ಮೇವನ್ನು ಕೊಟ್ಟಿಗೆಯಲ್ಲಿ ಕೊಡಬೇಕು. ಗಡಿಗೆ ಬಿಳಿ ಬಳಿದ ಕಲ್ಲುಗಳು ಸಾಕು. ಒಪ್ಪಂದ ತಿಳಿದ ದನಗಾಹಿಯೇ ಚಲಿಸುವ ಬೇಲಿ. ಅವರಿಗೆ ಕೂಲಿಯನ್ನು ಎಲ್ಲ ಮನೆಗಳೂ ಸೇರಿ ಕೊಡುವ ಏರ್ಪಾಡು ಆಗಬೇಕು.

ವಿಸ್ತರಣಾ ಕಾರ್ಯಕರ್ತರು ಒಂದು ಅಪಾಯವನ್ನು ಗಮನದಲ್ಲಿಡಬೇಕು. ದನವಿಲ್ಲದ ಗೋಮಾಳ ನೋಡುವವರಿಗೆ ‘ಖಾಲಿ ಜಾಗ’ದಂತೆ ಕಾಣುತ್ತದೆ. ಒತ್ತುವರಿಗೂ ಬೇರೆ ಉದ್ದೇಶದ ಬೇಡಿಕೆಗಳಿಗೂ ಅದು ಆಹ್ವಾನವಾಗಬಹುದು. ಆದ್ದರಿಂದ ವಿಶ್ರಾಂತಿಗೆ ಬಿಡುವ ಮೊದಲು ಗ್ರಾಮಸಭೆಯ ನಡಾವಳಿಯಲ್ಲಿ ಭಾಗದ ಚಕ್ಕುಬಂದಿ, ಮುಚ್ಚುವ ಮತ್ತು ತೆರೆಯುವ ದಿನಾಂಕ ದಾಖಲಾಗಲಿ, ಸರ್ವೆ ನಕ್ಷೆಯ ಪ್ರತಿ ಪಂಚಾಯಿತಿಯಲ್ಲಿರಲಿ, ಸ್ಥಳದಲ್ಲಿ ಫಲಕವಿರಲಿ. 1964ರ ಭೂಕಂದಾಯ ಅಧಿನಿಯಮದ 72ನೆಯ ಕಲಮಿನಂತೆ ಗೋಮಾಳದ ಮೇವಿನ ಹಕ್ಕು ಅದು ಮೀಸಲಾದ ಗ್ರಾಮದ ದನಗಳಿಗೆ ಸೇರಿದ್ದು ಎಂಬುದನ್ನು ಸಭೆಯಲ್ಲಿ ತಿಳಿಸಿರಿ. ಭೂಮಿಯಿಲ್ಲದ, ಒಂದೆರಡು ದನಗಳಷ್ಟೇ ಇರುವ ಮನೆಗಳ ಒಪ್ಪಿಗೆ ಇಲ್ಲದೆ ಮುಚ್ಚುವ ತೀರ್ಮಾನ ಮಾಡಬಾರದು. ಹಂಚಿಕೆಯ ಹುಲ್ಲಿನಲ್ಲಿ ಮೊದಲ ಪಾಲು ಅವರಿಗೇ ಸಲ್ಲಬೇಕು.

ಹುಲ್ಲುಗಾವಲಿನ ಪುನಶ್ಚೇತನ

ಬರಿನೆಲ ಹೆಚ್ಚಿರುವ ತಾಕುಗಳಲ್ಲಿ ಮುಂಗಾರಿನ ಆರಂಭದಲ್ಲಿ ಸ್ಟೈಲೊ (ಸ್ಟೈಲೋಸಾಂಥಸ್ ಹಮಾಟಾ) ಎಂಬ ದ್ವಿದಳ ಮೇವನ್ನು ಎರಚಿ ಬಿತ್ತಬಹುದು. ಎಕರೆಗೆ 4 ಕಿಲೋ ಬೀಜ ಸಾಕು. ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ 4–5 ನಿಮಿಷ ಅದ್ದಿ, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ನೆರಳಲ್ಲಿ ಆರಿಸಿ ಬಿತ್ತಿರಿ. ಬೀಜ ಆಳಕ್ಕೆ ಹೋಗದಂತೆ ಮುಳ್ಳುಕೊಂಬೆ ಎಳೆದರೆ ಸಾಕು. ಬಿತ್ತಿದ ವರ್ಷ ಆ ತಾಕಿಗೆ ದನ ಬಿಡಬಾರದು. ಮೇವಿನ ಬೀಜಗಳ ಮಾಹಿತಿಗೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನು ಸಂಪರ್ಕಿಸಬಹುದು. ಲಂಟಾನವನ್ನು ಹೂ ಬಿಡುವ ಮೊದಲು ಬುಡಸಹಿತ ಕೀಳಬೇಕು. ಇದರ ಎಲೆ ದನಗಳ ಯಕೃತ್ತಿಗೆ ವಿಷಕಾರಿ.

ಬೇಸಿಗೆಯ ಪೂರಕ ಮೇವು

ಒಣಹುಲ್ಲನ್ನಷ್ಟೇ ತಿನ್ನುವ ದನಗಳಿಗೆ ಸಸಾರಜನಕದ ಕೊರತೆಯಿಂದ ಜೀರ್ಣಶಕ್ತಿ ಕುಂದುತ್ತದೆ. 100 ಕಿಲೋ ಭತ್ತದ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಸಂಪೂರ್ಣ ಕರಗಿಸಿ, ಪದರ ಪದರವಾಗಿ ಸಿಂಪಡಿಸಿ ತುಳಿದು, ಗಾಳಿಯಾಡದಂತೆ 21 ದಿನ ಮುಚ್ಚಿಡಿರಿ. ಕೊಡುವ ಮೊದಲು ಒಂದು ಗಂಟೆ ಹರಡಿ, ಅಲ್ಪ ಪ್ರಮಾಣದಿಂದ ಅಭ್ಯಾಸ ಮಾಡಿಸಿರಿ. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು. ಯೂರಿಯಾ ನೀರನ್ನು ದನ ಕುಡಿಯದಂತೆ ನೋಡಿಕೊಳ್ಳಿರಿ, ಅದು ಪ್ರಾಣಾಂತಕ.

ಆರೋಗ್ಯ ರಕ್ಷಣೆ

- ಮಳೆಗಾಲಕ್ಕೆ ಮುನ್ನ ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆ, ಇಲಾಖೆಯ ವೇಳಾಪಟ್ಟಿಯಂತೆ ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿರಿ. ಒಟ್ಟಿಗೆ ಮೇಯುವ ಹಿಂಡಿನಲ್ಲಿ ಒಂದು ದನ ಉಳಿದರೂ ಅಪಾಯ.
- ಜಂತುನಾಶಕವನ್ನು ಪಶುವೈದ್ಯರ ಸಲಹೆಯಂತೆ ನೀಡಿರಿ.
- ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನಲ್ಲಿ ಮೇಯುವ ದನಗಳ ಮೈಮೇಲೆ ಉಣ್ಣೆಗಳು ಮನೆಯವರೆಗೂ ಬರುತ್ತವೆ. ಸ್ವಂತ ತಾಕಿನಲ್ಲಿ ಮೇವು ಹೆಚ್ಚಿದಷ್ಟೂ ಕಾಡಿಗೆ ಹೋಗುವ ಅಗತ್ಯ ತಗ್ಗುತ್ತದೆ. ಕಾಯಿಲೆ ಹೆಚ್ಚಾಗುವ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಕಾಡಿಗೆ ಹೋಗಲೇಬೇಕಾದವರು ಉಣ್ಣೆ ನಿರೋಧಕ ತೈಲ ಬಳಸಿ, ಮೈತುಂಬ ಬಟ್ಟೆ ಧರಿಸಿ, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಬೇಕು. ಜ್ವರ ಬಂದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ತೆರಳಬೇಕು.

ಸುಧಾರಣೆಯನ್ನು ಅಳೆಯುವ ವಿಧಾನ

ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ತಾಕಿನ ಒಂದು ಮೂಲೆಯಿಂದ ಎದುರು ಮೂಲೆಗೆ ನೂರು ಹೆಜ್ಜೆ ನಡೆಯಿರಿ. ಪ್ರತಿ ಹೆಜ್ಜೆಯ ತುದಿಗೆ ತಗಲುವುದು ಬಹುವಾರ್ಷಿಕ ಹುಲ್ಲೇ, ಏಕವಾರ್ಷಿಕವೇ, ಕಳೆಯೇ, ಬರಿನೆಲವೇ ಎಂದು ಗುರುತಿಸಿಕೊಳ್ಳಿರಿ. ಬರಿನೆಲದ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ದಾರಿ ಸರಿಯಿದೆ. ಏರುತ್ತಿದ್ದರೆ ದನಗಳ ಸಂಖ್ಯೆಯನ್ನೋ ಮೇಯುವ ದಿನಗಳನ್ನೋ ಕಡಿಮೆ ಮಾಡಬೇಕು. ಮೊದಲ ವರ್ಷದಲ್ಲಿಯೇ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿರಿ. ಬೀಜ ಬಿದ್ದು, ಮೊಳೆತು, ಬುಡ ಕಟ್ಟಲು ಎರಡು ಮೂರು ಮಳೆಗಾಲಗಳು ಬೇಕು.

ಮುಖ್ಯಾಂಶಗಳು

1. ಮೊದಲು ಹುಲ್ಲನ್ನು ತೂಗಿ, ನಂತರ ದನಗಳನ್ನು ಎಣಿಸಿರಿ.
2. ಮುಂಗಾರಿನ ಮೊದಲ 40 ದಿನ ದನಗಳು ಕೊಟ್ಟಿಗೆಯಲ್ಲಿರಲಿ. ಅದಕ್ಕೆ ಬೇಕಾದ ಒಣಮೇವನ್ನು ಏಪ್ರಿಲ್‌ನಲ್ಲಿಯೇ ಸಂಗ್ರಹಿಸಿರಿ.
3. ಗೇಣು ಬೆಳೆದಾಗ ಬಿಡಿ, ನಾಲ್ಕು ಬೆರಳು ಉಳಿದಾಗ ತೆಗೆಯಿರಿ.
4. ವರ್ಷಕ್ಕೊಂದು ತಾಕು ಬೀಜಕ್ಕೆ ಮೀಸಲು.
5. ಗೋಮಾಳದ ವಿಶ್ರಾಂತಿಯನ್ನು ಗ್ರಾಮಸಭೆಯಲ್ಲಿ ದಾಖಲಿಸಿರಿ.

ಇಡೀ ಜಮೀನಿಗೆ ಬೇಲಿ ಹಾಕಲು ಸಾಧ್ಯವಾಗದವರು ಈ ವರ್ಷ ಅರ್ಧ ಎಕರೆಯನ್ನಾದರೂ ಮೇ ತಿಂಗಳಿಂದ ನವೆಂಬರ್‌ವರೆಗೆ ಮುಚ್ಚಿ, ಪಕ್ಕದ ತೆರೆದ ನೆಲದೊಡನೆ ಹೋಲಿಸಿ ನೋಡಿರಿ. ಹೆಚ್ಚಿನ ಮಾಹಿತಿಗೆ ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರ ಅಥವಾ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಿರಿ.